ಅನಸೂಯಾ ಯಾರ ದನಿಯಲ್ಲಿ ವೋಟು ಕೇಳಿದಳು

ಚುನಾವಣೆ ಬಂತೆಂದರೆ ನಮ್ಮೂರಿನಲ್ಲಿ ಮೊದಲು ಖಾಲಿಯಾಗುವುದು ನನ್ನ ಅಂಗಡಿ. ಮೈಕು, ಆಂಪ್ಲಿಫೈಯರು, ಹಾರ್ನು, ಶಾಮಿಯಾನ, ವೈರಿನ ಸುರುಳಿ ಎಲ್ಲ ಬಾಡಿಗೆಗೆ ಹೋಗಿ ಗೋಡೆಯಲ್ಲಿ ಮೊಳೆಗಳಷ್ಟೇ ಉಳಿಯುತ್ತವೆ. ಗಂಡ ಶುರು ಮಾಡಿದ ಅಂಗಡಿ. ಅವನು ತೀರಿಕೊಂಡ ಮೇಲೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಾನೇ ಕಂಬ ಹತ್ತಿ ಹಾರ್ನು ಕಟ್ಟುತ್ತೇನೆ. ಊರಿನವರು ನನ್ನನ್ನು ಮೈಕಿನ ಕಲ್ಲವ್ವ ಎನ್ನುತ್ತಾರೆ. ಎಷ್ಟೋ ಚುನಾವಣೆ ನೋಡಿದ್ದೇನೆ, ಆದರೆ ಅನಸೂಯಾ ಪತ್ತಾರ ನಿಂತ ಆ ಚುನಾವಣೆಯಂಥದ್ದನ್ನು ಮತ್ತೊಂದು ಕಂಡಿಲ್ಲ.

ಬೇರೆ ಊರುಗಳಲ್ಲಿ ಮೈಕಿನವರಿಗೆ ಸದ್ದು ದೂರ ಹೋದರೆ ಸಾಕು. ನಮ್ಮಲ್ಲಿ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. ಈ ಊರಿನ ಗಡಿಯೊಳಗೆ ಯಾರಿಗೆ ಬೇಕಾದದ್ದನ್ನು ಕೇಳುತ್ತೇವೋ ಅವರ ದನಿಯೇ ನಮ್ಮ ಬಾಯಿಂದ ಬರುತ್ತದೆ. ಪಕ್ಕದ ಮನೆಯ ಸೊಸೆ ಬಂದು ಅತ್ತೆಗೆ ಎರಡು ನಿಂಬೆಹಣ್ಣು ಬೇಕಂತೆ ಎಂದರೆ ಅತ್ತೆಯ ದನಿ ಕೇಳುತ್ತದೆ. ನಿಂಬೆಹಣ್ಣು ತನಗೇ ಬೇಕಾಗಿದ್ದು ಅತ್ತೆಯ ಹೆಸರು ಹೇಳಿದ್ದರೆ ಅವಳದೇ ದನಿ ಬಂದು ಸಿಕ್ಕಿಬೀಳುತ್ತಾಳೆ. ಹಾಗಾಗಿ ನಮ್ಮೂರ ಸೊಸೆಯರು ಬೇಕಾದ್ದನ್ನು ನೇರವಾಗಿ ಕೇಳುವುದನ್ನು ಬೇಗ ಕಲಿಯುತ್ತಾರೆ. ಹೆಣ್ಣು ಕೇಳಲು ಬಂದ ಸೋದರಮಾವನ ಬಾಯಲ್ಲಿ ಹುಡುಗನ ದನಿ ಬರದೆ ಹುಡುಗನ ತಾಯಿಯ ದನಿ ಬಂದರೆ, ಹೆಣ್ಣಿನ ಕಡೆಯವರು ಅವಲಕ್ಕಿ ಕೊಟ್ಟು ಮರ್ಯಾದೆಯಿಂದ ಕಳಿಸಿಬಿಡುತ್ತಾರೆ.

ಚುನಾವಣೆಗೂ ಇದರ ಮೇಲೇ ಒಂದು ಪದ್ಧತಿ ಇದೆ. ಮತದಾನಕ್ಕೆ ಮುಂಚಿನ ಸಂತೆಯ ದಿನ ಅಭ್ಯರ್ಥಿಗಳು ಬಜಾರದ ಕಟ್ಟೆ ಹತ್ತಿ, ಎಲ್ಲರ ಎದುರು ವೋಟು ಕೇಳಬೇಕು. ಕೇಳಿದ ದನಿ ಅವರದೇ ಹೌದೋ ಅಲ್ಲವೋ ಎಂದು ಮೈಕಿನವರು ಹೇಳಬೇಕು. ಮೊದಲ ಸಲ ತಪ್ಪಿದರೆ ಒಂದು ಲೋಟ ನೀರು ಕುಡಿದು ಇನ್ನೊಮ್ಮೆ ಕೇಳಬಹುದು. ಆಗಲೂ ಬೇರೆಯವರ ದನಿ ಬಂದರೆ ಅಲ್ಲಿಗೆ ಮುಗಿಯಿತು, ಅವರಿಗೆ ಯಾರೂ ವೋಟು ಹಾಕುವ ಹಾಗಿಲ್ಲ. ಹಿಂದೆ ಯಾವನೋ ಒಬ್ಬ ಸಾರಾಯಿ ಗುತ್ತಿಗೆದಾರನ ದನಿಯಲ್ಲಿ ವೋಟು ಕೇಳಿದ್ದನಂತೆ, ಅಂದಿನಿಂದ ಬಂದ ಪದ್ಧತಿ.

ಈ ಪರೀಕ್ಷೆಯಲ್ಲಿ ನಮ್ಮ ಪುರಸಭೆಯ ಅಧ್ಯಕ್ಷ ಗುರುಸಂಗಪ್ಪ ಎಂದೂ ಸೋತವನಲ್ಲ. ಅವನದು ಕಂಚಿನ ಗಂಟೆಯಂಥ ದನಿ. ಮನೆಯಲ್ಲಿ, ಕಚೇರಿಯಲ್ಲಿ, ಕಟ್ಟೆಯ ಮೇಲೆ, ಎಲ್ಲಿ ಕೇಳಿದರೂ ಅದೇ ದನಿ. ಒಬ್ಬನೇ ಮನುಷ್ಯ, ಒಂದೇ ದನಿ ಎಂದು ಗೋಡೆಗೋಡೆಗೂ ಬರೆಸಿದ್ದ. ನಾವೂ ಅದನ್ನು ದೊಡ್ಡ ಗುಣವೆಂದೇ ತಿಳಿದು ಪ್ರತಿ ಸಲ ಗೆಲ್ಲಿಸುತ್ತಿದ್ದೆವು.

ಅಂಥವನ ಎದುರಿಗೆ ನಿಲ್ಲಲು ಬಂದವಳು ಅನಸೂಯಾ. ನನ್ನ ಕಿವಿ ಚುಚ್ಚಿದ ಅಕ್ಕಸಾಲಿ, ಪತ್ತಾರ ಮೌನೇಶಪ್ಪನ ಮಗಳು, ನನಗಿಂತ ಹತ್ತು ವರ್ಷ ಚಿಕ್ಕವಳು. ರಾಜಧಾನಿಯಲ್ಲಿ ಅವಳ ಕೆಲಸ ಏನೆಂದು ಊರಿಗೆ ಸರಿಯಾಗಿ ಗೊತ್ತಿರಲಿಲ್ಲ. ಫೋನು, ಕಂಪ್ಯೂಟರು, ಆ್ಯಪು ಮಾಡುವ ಕಂಪನಿಗಳೆಲ್ಲ ಸೇರಿ ಒಂದು ಒಕ್ಕೂಟ ಕಟ್ಟಿಕೊಂಡಿವೆಯಂತೆ. ಅವರ ಪರವಾಗಿ ಮಂತ್ರಿಗಳ ಬಾಗಿಲಲ್ಲಿ ಕಾಯುವುದು, ಅಧಿಕಾರಿಗಳ ಜೊತೆ ಕೂರುವುದು, ಹೊಸ ಕಾಯ್ದೆ ಬರುವ ಮೊದಲೇ ಅದು ಹೇಗಿದ್ದರೆ ಕಂಪನಿಗಳಿಗೆ ಅನುಕೂಲ ಎಂದು ಒಪ್ಪಿಸಿ ಬರುವುದು, ಇದು ಅವಳ ಉದ್ಯೋಗ. ಅಲ್ಲಿ ದನಿಯ ತೊಂದರೆ ಇಲ್ಲ. ನಮ್ಮ ಗಡಿಕಲ್ಲು ದಾಟಿದರೆ ಯಾರು ಯಾರ ಪರ ಮಾತಾಡಿದರೂ ಅವರವರ ದನಿಯೇ ಬರುತ್ತದೆ. ಇಪ್ಪತ್ತು ವರ್ಷ ಅಲ್ಲಿದ್ದು ಅವಳು ಇಲ್ಲಿನ ಕಟ್ಟಳೆಯನ್ನು ಅರ್ಧ ಮರೆತಿದ್ದಳು.

ಮೈಕು ಕೇಳಲು ನನ್ನ ಅಂಗಡಿಗೆ ಬಂದ ದಿನವೇ ಅದು ಬಯಲಾಯಿತು. ಅಂಗಡಿಯಲ್ಲಿ ನಾಲ್ಕಾರು ಗಿರಾಕಿಗಳಿದ್ದರು. ಅವಳು ನಗುತ್ತ ನಮಸ್ಕಾರ ಮಾಡಿ, ನಮ್ಮೂರಿಗೆ ಒಂದು ದೊಡ್ಡ ಯಂತ್ರದ ಮನೆ ಬರಬೇಕು, ಅದಕ್ಕೇ ಚುನಾವಣೆಗೆ ನಿಲ್ಲುತ್ತಿದ್ದೇನೆ ಎಂದಳು. ಅವಳ ಬಾಯಿಂದ ಬಂದದ್ದು ಮೂವತ್ತು ನಲವತ್ತು ಜನರ ದನಿ, ಒಟ್ಟಿಗೆ. ಗಂಡಸರು, ಹೆಂಗಸರು, ಎಲ್ಲರೂ ನಯವಾಗಿ, ಮೆಲ್ಲಗೆ, ಒಂದೇ ಲಯದಲ್ಲಿ. ನಡುವೆ ಯಾರೋ ಒಬ್ಬರು ಏಸಿಯ ತಂಪಿಗೆ ಕೆಮ್ಮಿದ್ದೂ ಕೇಳಿಸಿತು. ಬ್ಯಾಟರಿ ಕೊಳ್ಳಲು ಬಂದಿದ್ದ ಮುದುಕ ಹೊರಗೆ ಹೋಗಿ ಬೀದಿಯಲ್ಲಿ ಎಷ್ಟು ಜನ ನಿಂತಿದ್ದಾರೆಂದು ನೋಡಿ ಬಂದ. ಅನಸೂಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಗಿರಾಕಿಗಳು ಹೋದ ಮೇಲೆ ಅವಳನ್ನು ಸ್ಟೂಲಿನ ಮೇಲೆ ಕೂರಿಸಿದೆ. ಗಂಟಲು ಒಣಗಿತ್ತು ಪಾಪ. "ಕಲ್ಲವ್ವಕ್ಕ, ಒಂದು ಚಾ ತರಸ್ತೀಯೇನು?" ಎಂದಳು. ಅದು ಅವಳದೇ ದನಿ. ತೆಳುವಾದದ್ದು, ಮಾತಿನ ಕೊನೆಗೆ ಸ್ವಲ್ಪ ಒಡೆಯುವಂಥದ್ದು, ಅವಳಪ್ಪ ಸಣ್ಣ ಸುತ್ತಿಗೆಯಿಂದ ಬೆಳ್ಳಿ ಬಡಿಯುತ್ತಿದ್ದ ಹಾಗೆ. ಚಹಾ ಅವಳಿಗೇ ಬೇಕಾಗಿತ್ತು, ವೋಟು ಒಕ್ಕೂಟಕ್ಕೆ ಬೇಕಾಗಿತ್ತು. ಅಷ್ಟೇ ವ್ಯತ್ಯಾಸ.

ಚಹಾ ಒಂದೇ ಬಂತು. ನಿನಗೆ ಎಂದು ಕೇಳಿದಳು. ಮಧ್ಯಾಹ್ನದ ಮೇಲೆ ನಾನು ಚಹಾ ಕುಡಿಯುವುದಿಲ್ಲ, ನೀರೂ ಕಡಿಮೆ ಎಂದೆ. ಯಾಕೆಂದು ಬಿಡದೆ ಕೇಳಿದಳು. ಇಡೀ ಬಜಾರದಲ್ಲಿ ಹೆಂಗಸರಿಗೆ ಹೋಗಲು ಒಂದು ಜಾಗವಿಲ್ಲ, ಮನೆ ಇರುವುದು ಊರಾಚೆ, ಕುಡಿದು ಸಂಜೆಯ ತನಕ ಕೂರುವುದು ಯಾರಿಂದಾಗುತ್ತದೆ ಎಂದು ನಕ್ಕು ಹೇಳಿದೆ. ಇದನ್ನು ಯಾರಿಗಾದರೂ ಹೇಳಿದ್ದೀಯಾ ಎಂದಳು. ಯಾರಿಗೆ ಹೇಳಲಿ, ಗುರುಸಂಗಪ್ಪನಿಗೆ ಹೇಳುವಂಥ ಮಾತೇನು ಇದು ಎಂದೆ. ಅಲ್ಲಿಗೆ ಆ ಮಾತು ಮರೆತೆ.

ನಾನು ಅವಳಿಗೆ ಮೊದಲೇ ತಿಳಿಸಿದ್ದೆ, ಇಬ್ಬರಿಗೂ ಮೈಕು ಕೊಡುತ್ತೇನೆ, ಕಟ್ಟೆಯ ಮೇಲೆ ಕಿವಿಗೆ ಬಿದ್ದದ್ದನ್ನೇ ಹೇಳುತ್ತೇನೆ, ಅಪ್ಪ ಕಿವಿ ಚುಚ್ಚಿದ ಋಣಕ್ಕೆ ಸುಳ್ಳು ಹೇಳುವುದಿಲ್ಲ ಎಂದು. ಅವಳು ಒಪ್ಪಿದಳು. ಆದರೆ ಒಂದು ಬುದ್ಧಿಮಾತು ಹೇಳಿದರೆ ತಪ್ಪೇನಿಲ್ಲವಲ್ಲ. "ನಿನಗ ಯಾಕ ಬೇಕು ಈ ಖುರ್ಚಿ? ಅದನ್ನ ಹುಡುಕು ಮೊದಲು" ಎಂದೆ. ಅವಳು ಚಹಾದ ಲೋಟ ಕೆಳಗಿಟ್ಟು, ಗೊತ್ತಿಲ್ಲ ಎಂದಳು. ಒಕ್ಕೂಟದವರು ನಿಲ್ಲು ಎಂದರು, ನಿಂತೆ. ಕಂಪ್ಯೂಟರುಗಳನ್ನು ತಂಪಾಗಿಡುವ ಯಂತ್ರದ ಮನೆಗೆ ನಮ್ಮ ಕೆರೆಯ ನೀರು ಬೇಕಂತೆ, ಊರಿಗೂ ಒಳ್ಳೆಯದಂತೆ. ಇಷ್ಟು ಹೇಳುವಾಗಲೂ ಆ ನಲವತ್ತು ಜನ ಬಂದು ಕೆಮ್ಮಿ ಹೋದರು.

ಮಾರನೆಯ ದಿನದಿಂದ ಅವಳು ಭಾಷಣ ಬಿಟ್ಟಳು. ಮಂತ್ರಿಗಳ ಬಾಗಿಲಲ್ಲಿ ಎಷ್ಟು ಹೊತ್ತಾದರೂ ಕಾದು ಕೂರುವ ಅಭ್ಯಾಸ ಇದ್ದವಳು, ಅದೇ ಅಭ್ಯಾಸದಿಂದ ಮನೆಮನೆಯ ಹೊಸ್ತಿಲಲ್ಲಿ ಕೂತಳು. ಏನೂ ಕೇಳುತ್ತಿರಲಿಲ್ಲ. ಎದುರಿಗಿದ್ದವರು ಏನಾದರೂ ಹೇಳುವ ತನಕ ಕೂತಿರುತ್ತಿದ್ದಳು. ನನ್ನ ಶಾಮಿಯಾನದ ಬಟ್ಟೆ ಒಗೆಯುವ ದುರ್ಗವ್ವನ ಜೊತೆ ಕೆರೆಯ ಒಗೆಯುವ ಕಲ್ಲಿನ ಮೇಲೆ ಕಾಲು ನೀರಿಗಿಳಿಸಿ ಅರ್ಧ ದಿನ ಕೂತಿದ್ದಳಂತೆ. ಈಕೆಗೇನು ಹುಚ್ಚೋ, ಜಾಣತನವೋ ಎಂದು ದುರ್ಗವ್ವ ನನ್ನನ್ನು ಕೇಳಿದಳು. ಎರಡೂ ಇರಬಹುದು ಎಂದೆ.

ಸಂಜೆ ನನ್ನ ಅಂಗಡಿಗೆ ಬಂದು ಅವಳು ಅಂದು ಕೇಳಿದ್ದನ್ನೆಲ್ಲ ಹೇಳುತ್ತಿದ್ದಳು. ಆಗ ನೋಡಬೇಕಿತ್ತು. ಆ ಒಬ್ಬಳ ಬಾಯಲ್ಲಿ ಇಡೀ ಓಣಿಯೇ ಬಂದು ಕೂರುತ್ತಿತ್ತು. ದುರ್ಗವ್ವನ ತಂಬಾಕಿನ ದನಿ, ಗಿರಣಿಯ ಇಮಾಮಸಾಬನ ಹಿಟ್ಟು ತುಂಬಿದ ದನಿ, ಹಡೆದು ವಾರವಾದ ಹುಡುಗಿಯ ನಿದ್ದೆಗೆಟ್ಟ ದನಿ. ಬೇರೆಯವರ ಮಾತು ತರುವವರ ಬಾಯಲ್ಲಿ ಅವರ ದನಿ ಅರ್ಧಂಬರ್ಧ ಬರುವುದೇ ಹೆಚ್ಚು, ಹೇಳುವವರ ಮನಸ್ಸು ಬೇರೆಲ್ಲೋ ಇರುತ್ತದಲ್ಲ. ಇವಳ ಬಾಯಲ್ಲಿ ಉಸಿರಾಟದ ಸಮೇತ ಬರುತ್ತಿತ್ತು. ಬಜಾರದವರು ವ್ಯಾಪಾರ ಬಿಟ್ಟು ನನ್ನ ಅಂಗಡಿಯ ಮುಂದೆ ನಿಲ್ಲತೊಡಗಿದರು. ಎಷ್ಟೋ ಜನ ತಮ್ಮ ದನಿಯನ್ನು ಹೊರಗಿನಿಂದ ಪೂರ್ತಿಯಾಗಿ ಕೇಳಿದ್ದು ಅದೇ ಮೊದಲು. ಇಮಾಮಸಾಬ ತನ್ನ ದನಿ ಕೇಳಿ, ಇಷ್ಟು ದಣಿದಿದ್ದೇನೇನು ನಾನು ಎಂದು ಹೋಗಿ ಮಲಗಿಬಿಟ್ಟ.

ಊರಿಗೆ ಕಾವು ಏರಿತು. ಹೋಟೆಲಿನಲ್ಲಿ ಪಂದ್ಯ ಕಟ್ಟಿದರು, ಕಟ್ಟೆಯ ಮೇಲೆ ಅವಳಿಗೆ ಯಾರ ದನಿ ಬರುತ್ತದೆಂದು. ಗುರುಸಂಗಪ್ಪ ತೆರೆದ ಜೀಪಿನಲ್ಲಿ ನನ್ನದೇ ಹಾರ್ನು ಕಟ್ಟಿಕೊಂಡು ಓಣಿಓಣಿಗೆ ಸುತ್ತಿದ. ನಲವತ್ತು ಬಾಯಿಯವಳಿಗೆ ವೋಟು ಹಾಕಿದರೆ ನಲವತ್ತು ಹೊಟ್ಟೆ ತುಂಬಿಸಬೇಕಾಗುತ್ತದೆ, ನನ್ನದು ಒಂದೇ ಹೊಟ್ಟೆ ಎಂದ. ಜನ ನಕ್ಕರು. ಮಾತು ಚೆನ್ನಾಗಿಯೇ ಇತ್ತು, ನಾನೂ ನಕ್ಕೆ.

ಸಂತೆಯ ದಿನ ಬಂತು. ಕಟ್ಟೆಯ ಸುತ್ತ ಕಾಲಿಡಲು ಜಾಗವಿಲ್ಲ. ಈರುಳ್ಳಿ ಚೀಲಗಳ ಮೇಲೆ, ಗಾಡಿಗಳ ಮೇಲೆ, ಬೇವಿನ ಮರದ ಮೇಲೆ ಜನ. ಒಕ್ಕೂಟದ ಇಬ್ಬರು ಬಿಳಿ ಕಾರಿನಲ್ಲಿ ಬಂದು ಗಾಜು ಇಳಿಸಿ ಕೂತಿದ್ದರು. ನಾನು ನಾಲ್ಕು ದಿಕ್ಕಿಗೂ ಹಾರ್ನು ಕಟ್ಟಿ, ಮೈಕಿಗೆ ಕೆಂಪು ಬಟ್ಟೆ ಸುತ್ತಿ ಪಕ್ಕದಲ್ಲಿ ನಿಂತೆ.

ಗುರುಸಂಗಪ್ಪ ಮೊದಲು ಬಂದ. ನಿಮ್ಮ ವೋಟು ನನಗೇ ಬೇಕು ಎಂದ. ಗಂಟೆ ಬಾರಿಸಿದ ಹಾಗಿತ್ತು. ದನಿ ಅವರದೇ ಎಂದು ಸಾರಿದೆ. ಚಪ್ಪಾಳೆ ಬಿತ್ತು.

ಅನಸೂಯಾ ಮೈಕಿನ ಮುಂದೆ ನಿಂತಳು. ನನಗೆ ವೋಟು ಕೊಡಿ ಎಂದಳು. ನಾಲ್ಕೂ ಹಾರ್ನುಗಳಿಂದ ಆ ನಲವತ್ತು ಜನ ನಯವಾಗಿ ಕೇಳಿದರು, ಕೆಮ್ಮಿನ ಸಮೇತ. ಸಂತೆಗೆ ಸಂತೆಯೇ ಹೋ ಎಂದು ನಕ್ಕಿತು. ದನಿ ಇವಳದಲ್ಲ ಎಂದು ನಾನು ಸಾರಲೇಬೇಕಾಯಿತು. ನೀರಿನ ಲೋಟ ಅವಳ ಕೈಗಿಟ್ಟೆ.

ಅವಳು ಲೋಟ ಬಾಯಿಗಿಡುವಷ್ಟರಲ್ಲಿ ಜನರ ನಡುವಿನಿಂದ ದುರ್ಗವ್ವ ಕಟ್ಟೆಯ ಬುಡಕ್ಕೆ ನುಗ್ಗಿ ಬಂದಳು. ಸೆರಗನ್ನು ಸೊಂಟಕ್ಕೆ ಬಿಗಿದಿದ್ದಳು.

"ಯವ್ವಾ, ವೋಟು ಆಮ್ಯಾಗ ಕೇಳುವಂತಿ. ಕಲ್ಲಿನ ಮ್ಯಾಲ ಕುಂತು ನನ್ನ ಮಾತು ಕೇಳಿದ್ಯಲ್ಲ, ಅದನ್ನ ಇಲ್ಲಿ ಹೇಳು. ಅಂಗಡ್ಯಾಗ ಹೇಳಿದ್ರ ಏನು ಬಂತು?"

ಅನಸೂಯಾ ಬಿಳಿ ಕಾರಿನ ಕಡೆ ನೋಡಿದಳು. ದುರ್ಗವ್ವನ ಮಾತು ಹೇಳಿದರೆ ಇಪ್ಪತ್ತು ವರ್ಷದ ಉದ್ಯೋಗ ಆ ಕಾರಿನಲ್ಲೇ ವಾಪಸು ಹೋಗುತ್ತದೆ ಎಂಬುದು ನನಗೂ ಗೊತ್ತಿತ್ತು. ಹೇಳದಿದ್ದರೆ ಅವಳ ಎರಡನೆಯ ಸರದಿಗೂ ಅದೇ ನಲವತ್ತು ಜನ ಬರುವುದು ಖಂಡಿತ. ಅವಳು ಲೋಟವನ್ನು ಕೆಳಗಿಟ್ಟು ಮೈಕು ಹಿಡಿದಳು.

"ಕೆರಿ ನೀರು ನಮ್ಮ ಕಲ್ಲಿಗೆ ಮುಟ್ಟಬೇಕು. ನಮ್ಮವ್ವ ಅದ ಕಲ್ಲಿನ ಮ್ಯಾಲ ಒಗದಾಳ. ಯಂತ್ರಕ್ಕ ಬಿಸಿ ಆದ್ರ ನಾ ಏನ್ ಮಾಡ್ಲಿ, ನನ್ನ ಹೊಟ್ಟಿ ತಣ್ಣಗಿರಬೇಕು."

ಅದು ದುರ್ಗವ್ವ. ತಂಬಾಕು, ಕೆಮ್ಮು, ಕೋಪ ಎಲ್ಲ ಸೇರಿ ನಾಲ್ಕು ಹಾರ್ನುಗಳಿಂದ ಊರಿನ ನಾಲ್ಕು ದಿಕ್ಕಿಗೆ ಹೋಯಿತು. ಕೆಳಗೆ ನಿಂತಿದ್ದ ನಿಜವಾದ ದುರ್ಗವ್ವ ಬಾಯಿಯ ಮೇಲೆ ಸೆರಗು ಒತ್ತಿಕೊಂಡಿದ್ದಳು. ಬಿಳಿ ಕಾರಿನ ಗಾಜು ಮೇಲೇರಿತು. ಇಮಾಮಸಾಬ ಕೈಯೆತ್ತಿ ನನ್ನದು ಹೇಳವ್ವ ಎಂದ, ಮರದ ಮೇಲಿನವನು ನನ್ನದು ಎಂದ, ಆಮೇಲೆ ಯಾರು ಏನೆನ್ನುತ್ತಿದ್ದಾರೋ ತಿಳಿಯದಷ್ಟು ಗದ್ದಲ.

ಗುರುಸಂಗಪ್ಪ ಮುಂದೆ ಬಂದು ಇದು ಬಹುರೂಪಿ ವೇಷ, ಕಟ್ಟೆಯ ಪದ್ಧತಿ ಇರುವುದು ಸ್ವಂತ ದನಿಗೆ ಎಂದು ನನ್ನನ್ನು ಗದರಿದ. ಮಾತು ನ್ಯಾಯವಾದದ್ದೇ. ಆದರೆ ಅವಳಿಗೆ ಇನ್ನೂ ಒಂದು ಸರದಿ ಇದೆ ಎಂದೆ. ಅಷ್ಟರಲ್ಲಿ ದುರ್ಗವ್ವ ಅವನಿಗೆ ಕೈ ಮುಗಿದಳು.

"ಸಾವ್ಕಾರ್ರ, ಸಿಟ್ಟಿಗೇಳಬ್ಯಾಡ್ರಿ. ಇಷ್ಟು ವರ್ಷ ನಿಮಗ ವೋಟು ಹಾಕೇನಿ. ನೀವೂ ಒಂದ್ ಸಲ ನನ್ನ ಮಾತು ಹೇಳಿಬಿಡ್ರಿ."

ಇದೆಂಥ ದೊಡ್ಡ ಕೆಲಸ ಎನ್ನುವ ಹಾಗೆ ಅವನು ಮೈಕು ಎಳೆದುಕೊಂಡ. ದುರ್ಗವ್ವನಿಗೆ ಕೆರೆಯ ನೀರು ಬೇಕು ಎಂದ. ಕಂಚಿನ ಗಂಟೆ. ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಹೇಳಿದ. ಮತ್ತೆ ಅದೇ ಗಂಟೆ, ಅಷ್ಟೇ ಚೊಕ್ಕ, ಅಷ್ಟೇ ತುಂಬಿದ ದನಿ. ಅದರಲ್ಲಿ ದುರ್ಗವ್ವನ ಒಂದು ಎಳೆಯೂ ಇರಲಿಲ್ಲ.

ಜನ ದುರ್ಗವ್ವನ ಕಡೆ ನೋಡಿ, ಮತ್ತೆ ಅವನ ಕಡೆ ನೋಡಿದರು. ಎಲ್ಲೋ ಒಂದು ಕತ್ತೆ ಒದರಿತು. ಇಷ್ಟು ವರ್ಷ ಇವನ ಪಕ್ಕದಲ್ಲೇ ನಿಂತು ದನಿ ಅವರದೇ, ದನಿ ಅವರದೇ ಎಂದು ಸಾರಿದವಳು ನಾನು. ಬೇರೆ ಯಾರ ದನಿಯೂ ಅವನ ಬಾಯಲ್ಲಿ ಯಾಕೆ ಬಂದಿಲ್ಲ ಎಂದು ನನಗಾಗಲಿ, ಸಂತೆಗಾಗಲಿ ಒಮ್ಮೆಯೂ ಅನಿಸಿರಲಿಲ್ಲ. ಯಾರ ಮಾತನ್ನೂ ತರದವನನ್ನು ನಾವು ಹೊತ್ತು ತಿರುಗಿದ್ದೆವು, ದನಿ ಚೆನ್ನಾಗಿದೆ ಎಂದು.

ಅನಸೂಯಾ ಲೋಟ ಎತ್ತಿ ಪೂರ್ತಿ ನೀರು ಕುಡಿದಳು. ಪದ್ಧತಿ ಪದ್ಧತಿಯೇ, ಇನ್ನೊಮ್ಮೆ ಕೇಳಬೇಕಿತ್ತು. ನಾನು ದೇವರಿಗೆ ಹರಕೆ ಹೊರುವವಳಲ್ಲ, ಅಂದು ಒಳಗೊಳಗೇ ಹೊತ್ತೆ. ಅವಳು ಕಣ್ಣು ಮುಚ್ಚಲಿಲ್ಲ, ಜನರನ್ನೇ ನೋಡಿದಳು.

"ಈ ಊರಿಗೆ ಬಂದಾಗ ನನಗ ಈ ಕೆಲಸ ಬೇಕಿದ್ದಿಲ್ಲ. ಈಗ ಬೇಕಾಗೇತಿ. ಭಾಳ ಬೇಕಾಗೇತಿ. ನನಗ ವೋಟು ಕೊಡ್ರಿ."

ತೆಳುವಾದ ದನಿ. ಕೊನೆಗೆ ಸ್ವಲ್ಪ ಒಡೆಯಿತು, ಸಣ್ಣ ಸುತ್ತಿಗೆ ಬೆಳ್ಳಿಯ ಮೇಲೆ ಬಿದ್ದ ಹಾಗೆ. ನಾನು ಮೈಕು ಕಸಿದುಕೊಂಡು, ದನಿ ಅವಳದೇ ಎಂದೆ. ಹಾರ್ನು ಕುಂಯ್ಯೆಂದು ಕಿರುಚಿತು, ಅಷ್ಟು ಜೋರಾಗಿ ಹೇಳಿದ್ದೆ. ಮರದ ಮೇಲಿನವರು ಟವೆಲು ಎಸೆದರು, ಈರುಳ್ಳಿಯವಳು ಈರುಳ್ಳಿಯನ್ನೇ ಎಸೆದಳು.

ಅವಳು ಗೆದ್ದಳು. ಗುಲಾಲಿನಲ್ಲಿ ಮುಳುಗಿ ನನ್ನ ಅಂಗಡಿಗೆ ಬಂದಾಗ ನಾನು ಸಂತೋಷದ ಜೊತೆಗೇ ಒಂದು ಕರಾರು ಹಾಕಿದೆ. ಬಾಗಿಲುಗಳಲ್ಲಿ ಕೂತು ಮನಸ್ಸು ಗೆಲ್ಲುವ ವಿದ್ಯೆ ಎರಡೂ ಕಡೆ ಹರಿತವಾದದ್ದು, ಇವತ್ತು ದುರ್ಗವ್ವ, ನಾಳೆ ಮತ್ತಾರೋ. "ನಿನ್ನ ಮ್ಯಾಲ ಪ್ರೀತಿ ಐತಿ, ನಂಬಿಕಿ ಆಮ್ಯಾಗ ನೋಡೋಣು" ಎಂದೆ. ಅಧ್ಯಕ್ಷರ ಕೋಣೆಯಲ್ಲಿ ನನ್ನದೊಂದು ಮೈಕು ಇರಲಿ, ಅದರ ಹಾರ್ನು ಬಜಾರದ ಕಂಬದ ಮೇಲಿರಲಿ, ನೀನು ಅಲ್ಲಿ ಯಾರ ದನಿಯಲ್ಲಿ ಮಾತಾಡುತ್ತೀ ಎಂದು ನಾವು ಇಲ್ಲಿ ಕೇಳಿಸಿಕೊಳ್ಳುತ್ತಿರುತ್ತೇವೆ ಎಂದೆ. ಅವಳು ಗುಲಾಲಿನ ಮುಖದಲ್ಲೇ ನಕ್ಕು ಒಪ್ಪಿದಳು. ಬಾಡಿಗೆ ಎಷ್ಟು ಎಂದಳು. ಪುರಸಭೆಯಿಂದ ತೆಗೆದುಕೊಳ್ಳುತ್ತೇನೆ, ಬಿಟ್ಟಿ ಕೊಟ್ಟರೆ ಹಾರ್ನು ಕೆಟ್ಟಾಗ ಯಾರೂ ರಿಪೇರಿ ಮಾಡಿಸುವುದಿಲ್ಲ ಎಂದೆ.

ಹಾರ್ನು ಕಟ್ಟಿದ ವಾರದಲ್ಲೇ ಒಕ್ಕೂಟದವರು ಕೋಣೆಗೆ ಬಂದರು. ಕಂಬದ ಮೇಲಿಂದ ನಲವತ್ತು ಜನ ನಯವಾಗಿ ಕೆರೆ ಕೇಳಿದ್ದು ಕೇಳಿಸಿತು. ಈರುಳ್ಳಿಯವಳ ತಕ್ಕಡಿ ಗಾಳಿಯಲ್ಲೇ ನಿಂತಿತು. ಎಲ್ಲರ ಮುಖ ಮೇಲೆ. ಸ್ವಲ್ಪ ಹೊತ್ತಿಗೆ ಹಾರ್ನಿನಿಂದ ದುರ್ಗವ್ವ ಕೆರಿ ಕೊಡಂಗಿಲ್ಲ ಎಂದಳು. ನಿಜವಾದ ದುರ್ಗವ್ವ ಶಾಮಿಯಾನದ ಬಟ್ಟೆಯ ಗಂಟು ಹೊತ್ತು ನನ್ನ ಪಕ್ಕದಲ್ಲೇ ನಿಂತಿದ್ದಳು, ಗಂಟು ಇಳಿಸುವುದನ್ನೂ ಮರೆತು. ಆಮೇಲೆ ಅನಸೂಯಾ, ತನ್ನದೇ ದನಿಯಲ್ಲಿ, ಕೆರೆ ಬಿಟ್ಟು, ಯಂತ್ರದ ಮನೆಯನ್ನು ಗಾಳಿಗೇ ತಂಪಾಗುವ ಹಾಗೆ ಊರಾಚೆಯ ಗಾಳಿಗುಡ್ಡದ ಮೇಲೆ ಕಟ್ಟುವುದಾದರೆ ಮಾತಾಡೋಣ, ನಿಮ್ಮ ಲೆಕ್ಕಾಚಾರ ನನಗೆ ನಿಮಗಿಂತ ಚೆನ್ನಾಗಿ ಗೊತ್ತು ಎಂದಳು. ಬಜಾರಕ್ಕೆ ಬಜಾರವೇ ಉಸಿರು ಬಿಟ್ಟಿತು.

ಈಗ ನಮ್ಮವರಿಗೆ ಹಾರ್ನು ಕೇಳುವುದು ಚಟವಾಗಿದೆ. ಇವತ್ತು ಇಮಾಮಸಾಬ, ಇವತ್ತು ಬಾಣಂತಿ ಹುಡುಗಿ ಎಂದು ವ್ಯಾಪಾರದ ನಡುವೆಯೇ ಗುರುತು ಹಿಡಿಯುತ್ತಾರೆ. ನಾನೂ ಹಾಗೇ ಒಂದು ಮಧ್ಯಾಹ್ನ ವೈರು ಸುತ್ತುತ್ತ ಅರ್ಧ ಕಿವಿ ಕೊಟ್ಟು ಕೂತಿದ್ದೆ. ಯಾರೋ ಒಬ್ಬ ಹೆಂಗಸು ಮಾತಾಡುತ್ತಿದ್ದಳು. ಬಿಗಿ ದನಿ, ತುಸು ಒರಟು, ನಗುತ್ತ ಹೇಳುವ ಹಾಗಿದ್ದರೂ ನಗು ಇಲ್ಲದ್ದು. ಬಜಾರದಾಗ ಹೆಂಗಸರಿಗೆ ಹೋಗಾಕ ಒಂದು ಜಾಗ ಇಲ್ಲ, ಕುಡಿದು ಸಂಜೀತನಕ ಕುಂದ್ರೂದು ಯಾರ ಕಡಿಂದ ಆಗ್ತೈತಿ ಎನ್ನುತ್ತಿದ್ದಳು. ಪಾಪ, ಯಾರಿವಳು, ಎಷ್ಟು ದಿನದಿಂದ ತಡೆದುಕೊಂಡಿದ್ದಾಳೋ ಎಂದುಕೊಂಡೆ. ತಲೆ ಎತ್ತಿದರೆ ಬಜಾರದವರೆಲ್ಲ ಹಾರ್ನನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಊರಿನವರೆಲ್ಲರ ದನಿ ಗೊತ್ತಿದ್ದ ನನಗೆ ನನ್ನದೇ ಗೊತ್ತಿರಲಿಲ್ಲ. ಮುಖ ಬಿಸಿಯಾಯಿತು. ಈರುಳ್ಳಿಯವಳು ಹೌದವ್ವ ಹೌದು ಎಂದು ಮೊದಲು ಕೂಗಿದಳು, ಆಮೇಲೆ ಬಳೆಯವಳು, ಆಮೇಲೆ ಹೂವಿನವಳು. ಹಾರ್ನಿನಲ್ಲಿ ಇಂಜಿನಿಯರೊಬ್ಬ ಜಾಗ ನೋಡಲು ನಾಳೆಯೇ ಬರುತ್ತೇನೆ ಎಂದು ತಡವರಿಸುವುದು ಕೇಳಿಸಿತು.

ನಾನು ವೈರಿನ ಸುರುಳಿ ಕೆಳಗಿಟ್ಟು, ಎದುರಿನ ಚಹಾದಂಗಡಿಯ ಮಲ್ಲೇಶಿಗೆ ಒಂದು ಚಹಾ ಹಾಕಲು ಹೇಳಿದೆ. ಅವನು ಗಡಿಯಾರ ನೋಡಿದ.

"ಈಗೇನ್ರಿ ಕಲ್ಲವ್ವಾರ? ಮಧ್ಯಾಹ್ನ ಆತಲ್ಲ?"

"ಹಾಕೋ ಮಾರಾಯ. ತುಂಬ ಹಾಕು."